ಎರವಲು ಹೆಸರು, ಎರವಲು ಪಾಪ

ಎರಡು ತಲೆಬುರುಡೆಗಳನ್ನು ಅಕ್ಕಪಕ್ಕ ಇಡಿ. ಒಂದು ತೋಳದ್ದು, ಇನ್ನೊಂದು ಟಾಸ್ಮೇನಿಯಾದ ಥೈಲಸೀನ್‌ನದು. ಅದೇ ಉದ್ದ ಮೂತಿ, ಅದೇ ಕೋರೆಹಲ್ಲು. ಪಳಗಿದ ಕಣ್ಣೂ ಒಮ್ಮೆ ತಡವರಿಸುತ್ತದೆ. ಮಗುಚಿ ಅಂಗುಳ ನೋಡಿದರೆ ಗುಟ್ಟು ಬಯಲಾಗುತ್ತದೆ. ಥೈಲಸೀನ್‌ನ ಅಂಗುಳದ ಮೂಳೆಯಲ್ಲಿ ಎರಡು ಕಿಂಡಿಗಳಿವೆ, ತೋಳಕ್ಕೆ ಇಲ್ಲ. ಇದು ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ, ಕ್ಯಾಂಗರೂವಿನ ದೂರದ ನೆಂಟ. ತೋಳದ ವಂಶದಿಂದ ಕವಲೊಡೆದು ಹತ್ತು ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಬೇಟೆಯ ಬದುಕು ಇಬ್ಬರಿಗೂ ಒಂದೇ ಬಗೆಯ ಮುಖ ಕೊಟ್ಟಿತು, ಅಷ್ಟೆ.

ಬುರುಡೆ ಮಗುಚಿ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ದ್ವೀಪಕ್ಕೆ ಬಂದು ಕುರಿ ಸಾಕತೊಡಗಿದ ಬಿಳಿಯರು ಬೆನ್ನಿನ ಪಟ್ಟೆ ಕಂಡು ಹುಲಿ ಎಂದರು, ಮೂತಿ ಕಂಡು ತೋಳ ಎಂದರು. ವಿಜ್ಞಾನಿಗಳೇನು ಕಡಿಮೆಯಲ್ಲ, ಅವರಿಟ್ಟ ಹೆಸರಿನಲ್ಲೂ ನಾಯಿತಲೆ ಬಂದು ಕೂತಿತು. ಮೂಲನಿವಾಸಿಗಳ ನುಡಿಗಳಲ್ಲಿ ಅದಕ್ಕೆ ಸ್ವಂತ ಹೆಸರುಗಳಿದ್ದವು. ಕುರಿಯ ಲೆಕ್ಕ ಬರೆಯುವವರಿಗೆ ಅವು ಬೇಕಿರಲಿಲ್ಲ.

ನನ್ನ ವಾದ ಇಷ್ಟೇ: ಎರವಲು ಹೆಸರಿನ ಬೆನ್ನಿಗೇ ಎರವಲು ಅಪರಾಧವೂ ಬರುತ್ತದೆ. ತೋಳ ಎಂದ ಮೇಲೆ ಅದು ಕುರಿ ಹಿಡಿಯಲೇಬೇಕು. ಕುರಿಗಳು ಸಾಯುತ್ತಿದ್ದುದು ನಿಜ. ಅದರಲ್ಲಿ ಬೀಡಾಡಿ ನಾಯಿಗಳ, ಕಳ್ಳರ, ಮಾಲೀಕರ ಅಸಡ್ಡೆಯ ಪಾಲು ದೊಡ್ಡದಿತ್ತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ಇದು. 2011ರಲ್ಲಿ ಬುರುಡೆಯ ಕಂಪ್ಯೂಟರ್ ಮಾದರಿಯನ್ನು ಪರೀಕ್ಷಿಸಿದವರು, ಈ ದವಡೆ ಸಣ್ಣ ಬೇಟೆಗಷ್ಟೇ ತಕ್ಕದ್ದು ಎಂದರು.

ಹೆಸರು ಕೊಲ್ಲುತ್ತದೆಯೇ, ಕೊಲ್ಲುವುದು ಉರುಳಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಹೆಸರಿನ ಹಂಗಿಲ್ಲದೆಯೂ ಜೀವಿಗಳು ಅಳಿಯುತ್ತವೆ. ಥೈಲಸೀನ್ ಕುಟುಂಬದ ಎರಡೂವರೆ ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು ಕ್ವೀನ್ಸ್‌ಲ್ಯಾಂಡಿನ ರಿವರ್ಸ್‌ಲೀಯಲ್ಲಿ ಸಿಕ್ಕಿವೆ. ಹಲವು ಜಾತಿಗಳಿದ್ದ ಆ ಮನೆ ಯಾರ ಬಾಯಿಗೂ ಬೀಳದೆ ಒಂದೇ ಜಾತಿಗೆ ಇಳಿದಿತ್ತು. ಆಸ್ಟ್ರೇಲಿಯಾದ ಮುಖ್ಯನೆಲದಲ್ಲಿ ಅದೂ ಸುಮಾರು 3,000 ವರ್ಷಗಳ ಹಿಂದೆ ಅಳಿಯಿತು. ಆದರೆ ಟಾಸ್ಮೇನಿಯಾದ ಕಥೆ ಬೇರೆ. ಅಲ್ಲಿ ಉರುಳು ಒಡ್ಡಿಸಲು ದುಡ್ಡು ಬೇಕಿತ್ತು, ಖಜಾನೆಯ ದುಡ್ಡು ಬಿಚ್ಚಲು ಒಬ್ಬ ಆರೋಪಿ ಬೇಕಿತ್ತು. ಹೆಸರು ಆ ಆರೋಪಿಯನ್ನು ಒದಗಿಸಿತು. 1888ರಿಂದ 1909ರವರೆಗೆ ಸರ್ಕಾರ ದೊಡ್ಡದಕ್ಕೆ ಒಂದು ಪೌಂಡ್, ಮರಿಗೆ ಹತ್ತು ಶಿಲಿಂಗ್‌ನಂತೆ 2,184 ಬಹುಮಾನ ಕೊಟ್ಟಿತು. ಕಾನೂನಿನ ರಕ್ಷಣೆ ಸಿಕ್ಕಿದ್ದು 1936ರ ಜುಲೈ 10ರಂದು. ಹೋಬಾರ್ಟಿನ ಮೃಗಾಲಯದಲ್ಲಿ ಕೊನೆಯದು ಸತ್ತದ್ದು ಅದೇ ವರ್ಷದ ಸೆಪ್ಟೆಂಬರ್ 7ರಂದು. ನಿರಪರಾಧಿ ಎಂಬ ತೀರ್ಪು ಕೈಸೇರಿ 59 ದಿನ.

ಈಗ ಅದನ್ನು ಮರಳಿ ತರುವ ಮಾತು ನಡೆದಿದೆ. ಮದ್ಯಸಾರದಲ್ಲಿ ಶತಮಾನ ಕಳೆದ ಮರಿಯೊಂದರಿಂದ ತೆಗೆದ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಡನಾರ್ಟ್ ಎಂಬ ಇಲಿಗಾತ್ರದ ಚೀಲಪ್ರಾಣಿಯ ಜೀವಕೋಶವನ್ನು ತಿದ್ದಿ ಥೈಲಸೀನ್ ಹುಟ್ಟಿಸುತ್ತೇವೆ ಎಂದು 2022ರಲ್ಲಿ ಅಮೆರಿಕದ ಕಂಪನಿಯೊಂದು ಸಾರಿತು. ಪಟ್ಟೆಯಿರುವ ಜೀವವೊಂದು ನಾಳೆ ಹುಟ್ಟಲೂಬಹುದು. ಬೇಟೆ ಕಲಿಸುವ ತಾಯಿಯಿಲ್ಲದ, ತನ್ನವರ ವಾಸನೆಯನ್ನೇ ಅರಿಯದ ಆ ಮರಿಯನ್ನು ಥೈಲಸೀನ್ ಎಂದು ಕರೆದರೆ, ಪಟ್ಟೆ ಕಂಡು ಹುಲಿ ಎಂದವರಿಗೂ ನಮಗೂ ಏನು ವ್ಯತ್ಯಾಸ?

ಹುಟ್ಟುವುದಕ್ಕೆ ಹೊಸ ಹೆಸರಿಡಿ. ಸತ್ತದ್ದಕ್ಕೆ ಉಳಿದಿರುವುದು ಹೆಸರೊಂದೇ, ಅದನ್ನೂ ಕಿತ್ತುಕೊಳ್ಳಬೇಡಿ.