ಗ್ರಾಮಕ್ಕಾಗಿ ಕುಲತ್ಯಾಗ: ಜಪಾನಿನ ಒಂದು ಕಾದಂಬರಿಯ ಧರ್ಮವಿಚಾರ

ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಉಳಿಸಿಕೊಳ್ಳಬೇಕೆಂಬುದು ನೀತಿಶಾಸ್ತ್ರದಲ್ಲಿ ಬಹು ಹಳೆಯ ಮಾತು. ಮಹಾಭಾರತದಲ್ಲಿ ವಿದುರನು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ತೋರಿಸುತ್ತಾನೆ: ವ್ಯಕ್ತಿಗಿಂತ ಕುಲವು ಹಿರಿದು, ಕುಲಕ್ಕಿಂತ ಗ್ರಾಮವು, ಗ್ರಾಮಕ್ಕಿಂತ ಜನಪದವು, ಎಲ್ಲಕ್ಕೂ ಮೇಲೆ ಆತ್ಮವು. ಸಂಸ್ಕೃತವನ್ನು ಅಲ್ಪಸ್ವಲ್ಪ ಓದಿದವರಿಗೂ ಈ ನೀತಿಯು ಕಂಠಸ್ಥವಾಗಿರುತ್ತದೆ. ಆದರೆ ಒಬ್ಬನು ಎರಡನೆಯ ಮೆಟ್ಟಿಲನ್ನು ಅಕ್ಷರಶಃ ಏರಿಬಿಟ್ಟರೆ, ಎಂದರೆ ಗ್ರಾಮದ ಉಳಿವಿಗಾಗಿ ತನ್ನ ಕುಲವನ್ನೆಲ್ಲ ತನ್ನ ಕೈಯಿಂದಲೇ ಇಲ್ಲವಾಗಿಸಿದರೆ, ಅವನನ್ನು ತ್ಯಾಗಿಯೆನ್ನಬೇಕೆ, ಘಾತುಕನೆನ್ನಬೇಕೆ? ಜಪಾನ್ ದೇಶದ ಒಂದು ಜನಪ್ರಿಯ ಕಥೆಯು ಈ ಪ್ರಶ್ನೆಯನ್ನು ಎತ್ತಿದೆ. ಕಥೆಯು ಬಾಲಕರಿಗೆಂದು ಹುಟ್ಟಿದುದಾದರೂ ಪ್ರಶ್ನೆಯು ಹಿರಿಯರದು.

ಚಿತ್ರಗಳ ಸಾಲಿನಲ್ಲಿ ಹೇಳುವ ಕಥೆಗೆ ಜಪಾನೀಯರು ಮಾಂಗಾ ಎನ್ನುತ್ತಾರೆ. ಮಸಾಶಿ ಕಿಶಿಮೊಟೊ ಎಂಬವರು ಬರೆದು ಚಿತ್ರಿಸಿದ ‘ನರುಟೊ’ ಎಂಬ ಮಾಂಗಾ ೧೯೯೯ರಿಂದ ೨೦೧೪ರವರೆಗೆ ‘ಶೋನೆನ್ ಜಂಪ್’ ಎಂಬ ವಾರಪತ್ರಿಕೆಯಲ್ಲಿ ೭೦೦ ಅಧ್ಯಾಯಗಳಾಗಿ ಪ್ರಕಟವಾಗಿ, ೭೨ ಸಂಪುಟಗಳಲ್ಲಿ ಮುಗಿಯಿತು. ಅದರಲ್ಲಿ ನಿಂಜಾಗಳೆಂಬ ಗೂಢಯೋಧರ ಗ್ರಾಮಗಳೂ ಅವುಗಳೊಳಗಿನ ಯುದ್ಧಗಳೂ ವರ್ಣಿತವಾಗಿವೆ. ನಾಯಕನು ನರುಟೊ ಎಂಬ ಅನಾಥ ಬಾಲಕ. ಇಟಾಚಿ ಎಂಬವನು ಅದರಲ್ಲಿ ಉಪಪಾತ್ರ; ಮೊದಲು ಕಾಣಿಸಿಕೊಳ್ಳುವಾಗ ಕುಲವನ್ನು ಕೊಂದ ದುಷ್ಟನಾಗಿಯೇ ಕಾಣಿಸಿಕೊಳ್ಳುತ್ತಾನೆ. ಅವನು ಸತ್ತ ಮೇಲೆ ಬೇರೊಬ್ಬನ ಬಾಯಿಂದ ನಿಜವು ಹೊರಬೀಳುತ್ತದೆ. ಮೂಲಕಥೆಯು ಮುಗಿದ ಮರುವರ್ಷ, ೨೦೧೫ರಲ್ಲಿ, ಈ ಉಪಪಾತ್ರವನ್ನೇ ನಾಯಕನನ್ನಾಗಿಸಿ ತಕಾಶಿ ಯಾನೊ ಎಂಬ ಐತಿಹಾಸಿಕ ಕಾದಂಬರಿಕಾರರು ‘ಇಟಾಚಿ ಶಿಂಡೆನ್’ ಎಂಬ ಗದ್ಯಕಾದಂಬರಿಯನ್ನು ಎರಡು ಭಾಗಗಳಲ್ಲಿ ಬರೆದರು. ‘ಶಿಂಡೆನ್’ ಎಂದರೆ ನಿಜವಾದ ವೃತ್ತಾಂತ. ಒಂದು ಭಾಗಕ್ಕೆ ಬೆಳಕೆಂದೂ ಇನ್ನೊಂದಕ್ಕೆ ಕತ್ತಲ ರಾತ್ರಿಯೆಂದೂ ಅರ್ಥಬರುವ ಹೆಸರುಗಳಿವೆ.

ಕಥೆಯ ಸಾರವಿಷ್ಟು. ಇಟಾಚಿಯು ಕೊನೊಹ ಎಂಬ ಗ್ರಾಮದ ಉಚಿಹಾ ಕುಲದ ಮುಖ್ಯಸ್ಥನ ಹಿರಿಯ ಮಗ. ನಾಲ್ಕನೆಯ ವಯಸ್ಸಿನಲ್ಲಿ ರಣಭೂಮಿಯ ಹೆಣಗಳನ್ನು ಕಂಡು, ಯುದ್ಧವು ಇನ್ನೆಂದೂ ಬರಬಾರದೆಂದು ಮನಸ್ಸಿನಲ್ಲಿ ಮುದ್ರೆಯೊತ್ತಿಕೊಂಡವನು. ಏಳು ವರ್ಷಕ್ಕೇ ಯೋಧಪದವಿಯನ್ನು ಪಡೆದ ಪ್ರತಿಭಾವಂತ. ಒಮ್ಮೆ ಗ್ರಾಮಕ್ಕೆ ಮಹಾವಿಪತ್ತು ಬಂದಾಗ ಅದಕ್ಕೆ ಉಚಿಹಾ ಕುಲವೇ ಕಾರಣವಿರಬಹುದೆಂದು ಶಂಕಿಸಿದ ಹಿರಿಯರು ಆ ಕುಲವನ್ನು ಊರಿನ ಒಂದು ಮೂಲೆಗೆ ಸರಿಸಿದರು. ಅವಮಾನಿತವಾದ ಕುಲವು ದಂಗೆಗೆ ಸಿದ್ಧವಾಯಿತು. ತಂದೆಯು ಮಗನನ್ನು ಅಧಿಕಾರದೊಳಗೆ ಗೂಢಚಾರನನ್ನಾಗಿಟ್ಟನು. ಅಧಿಕಾರವು ಅದೇ ಮಗನನ್ನು ಕುಲದೊಳಗೆ ಗೂಢಚಾರನನ್ನಾಗಿಟ್ಟಿತು. ಕಡೆಗೆ ಡಾಂಜೊ ಎಂಬ ಗ್ರಾಮದ ಹಿರಿಯನು ಅವನ ಮುಂದೆ ಎರಡು ದಾರಿಗಳನ್ನಿಟ್ಟನು: ದಂಗೆ ನಡೆದರೆ ಕುಲದೊಡನೆ ತಮ್ಮನಾದ ಸಾಸುಕೆಯೂ ಸಾಯುವನು, ಮೊದಲೇ ಕುಲವನ್ನು ಇಟಾಚಿ ಕೊಂದರೆ ತಮ್ಮನು ಉಳಿಯುವನು. ಇಟಾಚಿಗೆ ಆಗ ಹದಿಮೂರು ವರ್ಷ. ಅವನು ಎರಡನೆಯದನ್ನು ಆರಿಸಿಕೊಂಡನು.

ಇಟಾಚಿಯ ಪಕ್ಷದಲ್ಲಿ ಹೇಳಬಹುದಾದುದನ್ನು ಮೊದಲು ಹೇಳುವುದು ನ್ಯಾಯ. ದಂಗೆಯಿಂದ ಅಂತಃಕಲಹ, ಅಂತಃಕಲಹದಿಂದ ಗ್ರಾಮದ ದೌರ್ಬಲ್ಯ, ದೌರ್ಬಲ್ಯದಿಂದ ಪರರ ಆಕ್ರಮಣ, ಅದರಿಂದ ಇನ್ನೊಂದು ಮಹಾಯುದ್ಧ. ಹೀಗೆ ಸಾವಿರಾರು ಜೀವಗಳು ಹೋಗುತ್ತಿದ್ದುವು. ಹೇಗಿದ್ದರೂ ಕುಲವು ಉಳಿಯುತ್ತಿರಲಿಲ್ಲ. ಅಲ್ಲದೆ ಅವನು ಈ ಕೃತ್ಯದಿಂದ ತನಗಾಗಿ ಏನನ್ನೂ ಪಡೆಯಲಿಲ್ಲ. ದ್ರೋಹಿಯೆಂಬ ಹೆಸರನ್ನು ಹೊತ್ತು ಊರು ಬಿಟ್ಟು, ರೋಗಪೀಡಿತನಾಗಿ, ತಮ್ಮನೊಡನೆ ಹೋರಾಡುತ್ತಲೇ ಪ್ರಾಣ ಬಿಡಬೇಕೆಂದು ಸಂಕಲ್ಪಿಸಿ ಹಾಗೆಯೇ ಬಿಟ್ಟನು. ಫಲಾಪೇಕ್ಷೆಯಿಲ್ಲದ ಕರ್ಮಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ ಎಂದು ಕೇಳುವವರಿಗೆ ಥಟ್ಟನೆ ಉತ್ತರ ಹೇಳಲಾಗುವುದಿಲ್ಲ.

ಜಪಾನಿನ ರಂಗಭೂಮಿಗೆ ಇಂಥ ಸಂಕಟವು ಹೊಸದಲ್ಲ. ಋಣಕ್ಕೂ ಹೃದಯಕ್ಕೂ ನಡೆಯುವ ಜಗಳವನ್ನು ಅವರು ಗಿರಿ ಮತ್ತು ನಿಂಜೊ ಎಂಬ ಎರಡು ಮಾತುಗಳಿಂದ ಗುರುತಿಸುತ್ತಾರೆ. ೧೭೪೬ರಲ್ಲಿ ಓಸಾಕಾ ನಗರದಲ್ಲಿ ಬೊಂಬೆಯಾಟವಾಗಿ ಮೊದಲು ಪ್ರದರ್ಶಿತವಾಗಿ, ಬಳಿಕ ಕಬುಕಿ ರಂಗದಲ್ಲಿಯೂ ನೆಲೆಯೂರಿದ ‘ಸುಗವಾರ ದೆಂಜು ತೆನಾರೈ ಕಗಾಮಿ’ ಎಂಬ ನಾಟಕದಲ್ಲಿ ಹಳ್ಳಿಯ ಪಾಠಶಾಲೆಯ ದೃಶ್ಯವೊಂದಿದೆ. ಒಡೆಯನ ಮಗನನ್ನು ಉಳಿಸುವುದಕ್ಕಾಗಿ ಮತ್ಸುಒಮಾರು ಎಂಬವನು ತನ್ನ ಸ್ವಂತ ಮಗನನ್ನು ಆ ಶಾಲೆಗೆ ಕಳುಹಿಸುತ್ತಾನೆ. ಒಡೆಯನ ಮಗನಿಗೆ ಬದಲಾಗಿ ಉಪಾಧ್ಯಾಯನು ಈ ಹುಡುಗನ ತಲೆಯನ್ನು ಕಡಿಯುತ್ತಾನೆ. ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಆ ಹುಡುಗನು ವಿಷಯವನ್ನರಿತು ನಗುತ್ತ ಕತ್ತನ್ನು ಒಡ್ಡಿದನೆಂದು ಉಪಾಧ್ಯಾಯನ ಬಾಯಿಂದ ನಾಟಕಕಾರರು ಹೇಳಿಸಿದ್ದಾರೆ. ಸಾಯುವವನ ಒಪ್ಪಿಗೆಯಿಲ್ಲದಿದ್ದರೆ ತಂದೆಯ ತ್ಯಾಗವು ತ್ಯಾಗವಾಗದೆಂಬುದು ಅವರಿಗೆ ಹೊಳೆದಿದ್ದಿರಬೇಕು. ಇಟಾಚಿಯ ಕಥೆಯಲ್ಲಿಯೂ ತಂದೆತಾಯಿಗಳು ಮಗನಿಗೆ ಬೆನ್ನು ತಿರುಗಿಸಿ ಕುಳಿತು, ಅವನನ್ನು ಶಪಿಸದೆ ಸಾವನ್ನು ಸ್ವೀಕರಿಸುತ್ತಾರೆ. ಓದುವವರ ಕಣ್ಣು ತೇವವಾಗುವುದು ಅಲ್ಲಿಯೇ. ಆದರೆ ಉಳಿದ ಮನೆಗಳಲ್ಲಿ ಯಾರೂ ಒಪ್ಪಿರಲಿಲ್ಲ. ದಂಗೆಯ ಸುದ್ದಿಯನ್ನೇ ಅರಿಯದ ಮಕ್ಕಳನ್ನು ಯಾರೂ ಕೇಳಲಿಲ್ಲ.

ವಿದುರನ ನೀತಿಯಲ್ಲಿ ಬರುವ ಕ್ರಿಯಾಪದವು ‘ತ್ಯಜ್’ ಧಾತುವಿನದು. ಅದಕ್ಕೆ ಬಿಡು ಎಂದರ್ಥವೇ ಹೊರತು ಕೊಲ್ಲು ಎಂದರ್ಥವಿಲ್ಲ. ಮನುಷ್ಯನು ಬಿಡಬಲ್ಲುದು ತನ್ನದಾದುದನ್ನು: ತನ್ನ ಸುಖ, ತನ್ನ ಸ್ವತ್ತು, ತನ್ನ ಮಮತೆ, ತನ್ನ ಪ್ರಾಣ. ಉಚಿಹಾ ಕುಲದವರ ಪ್ರಾಣಗಳು ಅವರವರವಾಗಿದ್ದುವು. ಅವು ಇಟಾಚಿಯ ಸ್ವತ್ತಾಗಿರಲಿಲ್ಲ. ಇನ್ನೂ ಒಂದು ಮಾತು. ವಿದುರನು ಈ ನೀತಿಯನ್ನು ಹೇಳಿದುದು ಧೃತರಾಷ್ಟ್ರನಿಗೆ, ದುರ್ಯೋಧನನ ವಿಷಯದಲ್ಲಿ. ಎಂದರೆ ರಾಜ್ಯದ ಹೊಣೆಯೂ ಮಗನನ್ನು ಕಳೆದುಕೊಳ್ಳುವ ದುಃಖವೂ ಒಬ್ಬನಲ್ಲಿಯೇ ಸೇರಿದ್ದುವು. ಕೊನೊಹದಲ್ಲಾದರೋ ನಿರ್ಣಯಿಸಿದವರು ಬೇರೆ, ಕಳೆದುಕೊಂಡವನು ಬೇರೆ. ಹಿರಿಯರ ಕೈಗಳು ಶುದ್ಧವಾಗಿಯೇ ಉಳಿದುವು. ನೆತ್ತರು ಒಬ್ಬ ಬಾಲಕನ ಕೈಗೆ ಹತ್ತಿತು.

ಬೇರೆ ದಾರಿಯೇ ಇರಲಿಲ್ಲವಲ್ಲ ಎಂಬ ಆಕ್ಷೇಪಕ್ಕೂ ಕಥೆಯೇ ಸಮಾಧಾನವನ್ನು ಹೇಳುತ್ತದೆ. ಇಟಾಚಿಯ ಪ್ರಾಣಸ್ನೇಹಿತನಾದ ಷಿಸುಯಿಯ ಕಣ್ಣಿಗೆ ಪರರ ಮನಸ್ಸನ್ನು ತಿರುಗಿಸುವ ಶಕ್ತಿಯಿತ್ತು. ಅದರಿಂದ ರಕ್ತಪಾತವಿಲ್ಲದೆ ದಂಗೆಯನ್ನು ನಿಲ್ಲಿಸಬೇಕೆಂದು ಅವನು ಯೋಚಿಸಿದ್ದನು. ಆ ಕಣ್ಣುಗಳಲ್ಲೊಂದನ್ನು ಕಿತ್ತುಕೊಂಡವನು ಡಾಂಜೊ. ಉಳಿದ ಕಣ್ಣನ್ನು ಇಟಾಚಿಗೆ ಒಪ್ಪಿಸಿ ಷಿಸುಯಿಯು ನದಿಯ ಪಾಲಾದನು. ಮೂರನೆಯ ದಾರಿಯನ್ನು ಮುಚ್ಚಿದವನೇ ಬಂದು, ಇರುವುವು ಎರಡೇ ದಾರಿಗಳೆಂದು ಬಾಲಕನಿಗೆ ಲೆಕ್ಕ ತೋರಿಸಿದನು. ಲೋಕದಲ್ಲಿ ಅನಿವಾರ್ಯವೆಂದು ಹೇಳಿಸಿಕೊಳ್ಳುವ ಕ್ರೂರಕರ್ಮಗಳನ್ನು ಪರೀಕ್ಷಿಸುವವರು, ಉಳಿದ ದಾರಿಗಳು ಯಾವಾಗ ಮುಚ್ಚಿದುವು, ಯಾರು ಮುಚ್ಚಿದರು ಎಂಬುದನ್ನೂ ಜೊತೆಗೆ ವಿಚಾರಿಸುವುದೊಳ್ಳೆಯದು.

ಇನ್ನು ಸಹನೆಯ ಮಾತು. ನಿಂಜಾ ಎಂಬ ಶಬ್ದದ ಮೊದಲ ಅಕ್ಷರವನ್ನು ಚೀನೀ ಲಿಪಿಯಲ್ಲಿ ಬರೆಯುವಾಗ ಕತ್ತಿಯ ಅಲಗನ್ನು ಸೂಚಿಸುವ ರೂಪವು ಮೇಲೆಯೂ, ಹೃದಯವನ್ನು ಸೂಚಿಸುವ ರೂಪವು ಕೆಳಗೂ ಬರುತ್ತವೆ. ಅಡಗಿರುವುದು ಎಂದೂ ಸಹಿಸುವುದು ಎಂದೂ ಅದಕ್ಕೆ ಎರಡರ್ಥ. ಬೌದ್ಧಗ್ರಂಥಗಳು ಚೀನೀ ಭಾಷೆಗೆ ಹೋದಾಗ ಸಂಸ್ಕೃತದ ‘ಕ್ಷಾಂತಿ’ ಎಂಬ ಪದಕ್ಕೆ ಇದೇ ಅಕ್ಷರವು ಒದಗಿತು. ಆರು ಪಾರಮಿತೆಗಳಲ್ಲಿ ಮೂರನೆಯದಾದ ಕ್ಷಾಂತಿಯು ಹೀಗೆ ಗೂಢಯೋಧರ ಹೆಸರಿನಲ್ಲಿ ಬಂದು ಕುಳಿತಿದೆ. ಇಟಾಚಿಯನ್ನು ಮೆಚ್ಚುವವರು ಬಹುಮಟ್ಟಿಗೆ ಮೆಚ್ಚುವುದು ಅವನ ಸಹನೆಯನ್ನೇ. ಆದರೆ ಕ್ಷಾಂತಿಯೆಂದರೆ ಪರರು ತನಗೆ ಮಾಡಿದ ನೋವನ್ನು ದ್ವೇಷವಿಲ್ಲದೆ ತಾಳಿಕೊಳ್ಳುವುದು. ತಾನು ಪರರಿಗೆ ಮಾಡಿದ ನೋವಿನಿಂದ ತನ್ನ ಮನಸ್ಸಿನಲ್ಲುಂಟಾಗುವ ವೇದನೆಯನ್ನು ತಾಳಿಕೊಳ್ಳುವುದಕ್ಕೆ ಶಾಸ್ತ್ರವು ಆ ಹೆಸರನ್ನು ಕೊಡುವುದಿಲ್ಲ. ಕೊಲ್ಲುವವನು ಅಳುತ್ತ ಕೊಂದನೆಂಬುದರಿಂದ ಕೊಂದವನ ಹೃದಯವು ಎಂಥದೆಂದು ತಿಳಿದೀತು. ಸತ್ತವರ ಲೆಕ್ಕದಲ್ಲಿ ಅದರಿಂದ ಒಂದು ತಲೆಯೂ ಕಡಿಮೆಯಾಗುವುದಿಲ್ಲ.

ಕೊಲೆಗಿಂತಲೂ ಸೂಕ್ಷ್ಮವಾದ ದೋಷವೊಂದು ಆಮೇಲೆ ನಡೆಯಿತು. ಉಳಿದ ತಮ್ಮನಿಗೆ ಇಟಾಚಿ ಸುಳ್ಳು ಹೇಳಿದನು: ತನ್ನ ಸಾಮರ್ಥ್ಯವನ್ನು ಪರೀಕ್ಷಿಸಿಕೊಳ್ಳಲು ಎಲ್ಲರನ್ನೂ ಕೊಂದೆನೆಂದೂ, ತನ್ನನ್ನು ದ್ವೇಷಿಸಿ ಬಲಿಷ್ಠನಾಗೆಂದೂ ಹೇಳಿ ಹೋದನು. ಕುಲದ ಮಾನವನ್ನು ಕಾಯುವುದು ಒಂದುದ್ದೇಶ. ತನಗೆ ತಕ್ಕ ಶಿಕ್ಷೆಯನ್ನು ತಮ್ಮನ ಕೈಯಿಂದ ಪಡೆಯುವುದು ಇನ್ನೊಂದು. ಆದರೆ ಇದರಿಂದ ಆ ಮಗುವಿನ ಬಾಲ್ಯವೆಲ್ಲ ದ್ವೇಷದ ಪಾಲಾಯಿತು. ಅಣ್ಣನು ತನ್ನ ಪ್ರಾಯಶ್ಚಿತ್ತಕ್ಕೆ ತಮ್ಮನನ್ನು ಉಪಕರಣವನ್ನಾಗಿ ಮಾಡಿಕೊಂಡಂತಾಯಿತು. ಮೂಲಕಥೆಯಲ್ಲಿ, ಸತ್ತು ಮಂತ್ರಬಲದಿಂದ ಮರಳಿ ಬಂದ ಇಟಾಚಿಯೇ ಇದನ್ನೊಪ್ಪಿಕೊಳ್ಳುತ್ತಾನೆ: ಎಲ್ಲವನ್ನೂ ಒಬ್ಬನೇ ಹೊರಲು ಹೋದುದು ತಪ್ಪಾಯಿತು, ಮೊದಲೇ ತಮ್ಮನ ಕಣ್ಣಿಗೆ ಕಣ್ಣಿಟ್ಟು ನಿಜವನ್ನು ಹೇಳಿದ್ದರೆ ತಂದೆತಾಯಿಗಳೂ ಕುಲವೂ ಬೇರೆ ದಾರಿ ಹಿಡಿದಿರಬಹುದಾಗಿತ್ತು ಎಂದು. ಇದಕ್ಕಿಂತ ಸ್ಪಷ್ಟವಾದ ತೀರ್ಪನ್ನು ಹೊರಗಿನ ವಿಮರ್ಶಕರು ಕೊಡಬೇಕಾದುದಿಲ್ಲ.

ಹಾಗಾದರೆ ಇಟಾಚಿಯನ್ನು ಕುರಿತು ಪ್ರತ್ಯೇಕವಾದ ಕಾದಂಬರಿಯೇಕೆ? ಅಪರಾಧಿಯ ಮೇಲೆ ಕರುಣೆಯನ್ನು ಹುಟ್ಟಿಸಿ ಅಪರಾಧವನ್ನು ಮರೆಸುವುದಕ್ಕೆಂದು ಕೆಲವರು ಶಂಕಿಸಬಹುದು. ಆ ಅಪಾಯವಿಲ್ಲದಿಲ್ಲ. ಆದರೆ ಮೂಲದಲ್ಲಿ ಕೆಲವೇ ಪುಟಗಳಲ್ಲಿ ಹಿನ್ನೋಟವಾಗಿ ಬಂದುಹೋದ ಒಂಬತ್ತು ವರ್ಷಗಳನ್ನು ಯಾನೊ ಅವರು ಮುಂದಕ್ಕೆ ನಡೆಸುತ್ತಾರೆ. ನಾಲ್ಕು ವರ್ಷದ ಮಗು ಹದಿಮೂರಕ್ಕೆ ಬರುವವರೆಗೆ ಅವನ ಬೆನ್ನ ಹಿಂದೆಯೇ ಓದುಗರನ್ನು ಕರೆದೊಯ್ಯುತ್ತಾರೆ. ಇಜುಮಿ ಎಂಬ ಅವನ ಕುಲದ ಹುಡುಗಿಯೊಬ್ಬಳು ಅವನನ್ನು ಪ್ರೀತಿಸುತ್ತಾಳೆ. ತಮ್ಮನು ಆಟಕ್ಕೆ ಕರೆಯುತ್ತಾನೆ. ಇಟಾಚಿ ಎಲ್ಲವನ್ನೂ ಮುಂದಕ್ಕೆ ಹಾಕುತ್ತಾನೆ. ಅವನು ವಯಸ್ಸಿಗೆ ಮೀರಿದ ಪ್ರೌಢನೆಂದು ಹಿರಿಯರು ಹೊಗಳುತ್ತಾರೆ. ಪ್ರತಿಯೊಂದು ಹೊಗಳಿಕೆಯ ಹಿಂದೆಯೂ ಒಂದು ಹೊಸ ಭಾರವು ಬರುತ್ತದೆ. ಓದುತ್ತ ಹೋದಂತೆ ಇಟಾಚಿಯು ಒಳ್ಳೆಯವನೆ ಕೆಟ್ಟವನೆ ಎಂಬ ಪ್ರಶ್ನೆಯು ಹಿಂದೆ ಸರಿದು, ಒಂದು ಮಗುವಿನ ಮೇಲೆ ಇಷ್ಟನ್ನು ಹೇರಲು ಸುತ್ತಲಿದ್ದ ದೊಡ್ಡವರಿಗೆ ಹೇಗೆ ಮನಸ್ಸು ಬಂದಿತೆಂಬ ಪ್ರಶ್ನೆಯು ಮುಂದೆ ಬರುತ್ತದೆ.

ಈ ಪ್ರಶ್ನೆಯು ನಿಂಜಾಗಳ ಲೋಕಕ್ಕೆ ಮಾತ್ರ ಸೇರಿದುದಲ್ಲ. ತಂದೆಗೂ ಊರಿಗೂ, ತಾಯಿಗೂ ಅಜ್ಜಿಗೂ ನಡುವೆ ನಿಂತು, ಇಬ್ಬರ ಮಾತನ್ನೂ ಹೊತ್ತು, ಬಾಯಿ ಬಿಡದಿರುವ ಹಿರಿಯ ಮಗ ಅಥವಾ ಮಗಳು ಎಷ್ಟೋ ಮನೆಗಳಲ್ಲಿರುತ್ತಾರೆ. ಎಷ್ಟು ಜಾಣ ಮಗು, ಏನನ್ನೂ ಕೇಳುವುದಿಲ್ಲ ಎಂದು ಬಂದವರೆಲ್ಲ ಮೆಚ್ಚುತ್ತಾರೆ. ಕೊನೊಹದ ಹಿರಿಯರೂ ಹಾಗೆಯೇ ಮೆಚ್ಚಿದರು. ಆ ರಾತ್ರಿಯ ನಿಜವನ್ನು ಅವರು ಊರಿಗೆ ತಿಳಿಸಲಿಲ್ಲ. ಯಾವ ಗ್ರಾಮಕ್ಕಾಗಿ ಒಂದು ಕುಲವನ್ನು ತ್ಯಜಿಸಲಾಯಿತೋ ಆ ಗ್ರಾಮದ ಜನರನ್ನು ಒಂದು ಮಾತು ಕೇಳಿದವರಿಲ್ಲ. ಮರುದಿನವೂ ಅವರು ಎಂದಿನಂತೆ ಅಂಗಡಿಗಳನ್ನು ತೆರೆದರು, ಮಕ್ಕಳನ್ನು ಶಾಲೆಗೆ ಕಳುಹಿಸಿದರು, ಇಟಾಚಿಯ ಹೆಸರು ಬಂದಾಗ ಶಪಿಸಿದರು.