ಉಟ್ಟ ಬಟ್ಟೆಯಲ್ಲಿ ಉಳಿಯುವುದೇನು?

ಗುಳೇದಗುಡ್ಡದ ಮಗ್ಗದಿಂದ ಇಳಿದ ಖಣ ಹೊಸದಾಗಿರುವಾಗಲೇ ಉಡಿ ಸೇರುತ್ತದೆ. ಮುತ್ತೈದೆಗೂ ಅದೇ, ಬಾದಾಮಿಯ ಬನಶಂಕರಿಗೂ ಅದೇ. ಉಟ್ಟ ಬಟ್ಟೆಯ ಮಾತು ಬೇರೆ. ಮನುಷ್ಯರು ಉಟ್ಟದ್ದು ಮೈಲಿಗೆ, ಒಗೆದು ಮಡಿ ಮಾಡದೆ ಪೂಜೆಗೆ ಸಲ್ಲದು. ದೇವಿಗೆ ಉಡಿಸಿ ತೆಗೆದ ಸೀರೆ ಪ್ರಸಾದ. ಎರಡೂ ಕಟ್ಟಳೆಗಳ ಬುಡದಲ್ಲಿರುವ ನಂಬಿಕೆ ಒಂದೇ: ಮೈ ಸೋಕಿದ ಗುಣ ಬಟ್ಟೆಗೆ ಹತ್ತಿ ಉಳಿಯುತ್ತದೆ.

ಬೌದ್ಧರು ಬುದ್ಧನ ಅವಶೇಷಗಳಲ್ಲಿ ಶರೀರದ ಧಾತುಗಳ ಜೊತೆಗೆ ಆತ ಬಳಸಿದ ಚೀವರ, ಭಿಕ್ಷಾಪಾತ್ರೆಗಳನ್ನೂ 'ಪಾರಿಭೋಗಿಕ' ಎಂದು ಸೇರಿಸಿದರು. ಆಟಗಾರರು ಮೈದಾನದಲ್ಲಿ ತೊಟ್ಟ ಅಂಗಿಯನ್ನು ಕೂಡಿಡುವವರ ಭಾವವೂ ಇದಕ್ಕೆ ಹತ್ತಿರದ್ದೇ. ಭಾರತದ ನ್ಯಾಷನಲ್ ಫುಟ್‌ಬಾಲ್ ಲೀಗ್ 1996ರಲ್ಲಿ ಆರಂಭವಾಗಿ 2007ರಲ್ಲಿ ಮುಗಿಯಿತು. ಆ ಲೀಗಿನ ಅಂಗಿಯಂಥದೇ ಅಂಗಿಯನ್ನು ಇಂದೂ ಹೊಲಿಸಬಹುದು. ಅದನ್ನು ತೊಟ್ಟು ಆ ಲೀಗಿನಲ್ಲಿ ಆಡಲು ಮಾತ್ರ ಯಾರಿಗೂ ಆಗದು. ಬೆವರಿನ ಕಲೆ, ಹುಲ್ಲಿನ ಹಸಿರು, ಹರಿದಲ್ಲಿ ಹಾಕಿದ ಹೊಲಿಗೆ ಅಂಗಿಯ ಬೆಲೆಯನ್ನು ಇಳಿಸದೆ ಏರಿಸುವುದು ಅದಕ್ಕಾಗಿಯೇ.

ಸೋಕಿದ ಗುಣ ಬಟ್ಟೆಯಲ್ಲಿ ಉಳಿಯುತ್ತದೆಂಬ ಈ ನಂಬಿಕೆಯನ್ನು ವೈಶೇಷಿಕ ದರ್ಶನ ಸುಲಭವಾಗಿ ಒಪ್ಪುವುದಿಲ್ಲ. ಅದರ ಪ್ರಕಾರ ಸಂಯೋಗ ಎಂಬುದು ಕೂಡಿದ ಎರಡೂ ವಸ್ತುಗಳಲ್ಲಿರುವ ಗುಣ. ವಿಭಾಗವಾದ ಕ್ಷಣ ಅದು ನಾಶ. ಅಂಗಿ ಕಳಚಿತೆಂದರೆ ಮೈಯ ಸಂಯೋಗವೂ ಮುಗಿಯಿತು. ಉಳಿಯುವುದು 'ಭಾವನೆ' ಎಂಬ ಸಂಸ್ಕಾರ, ಅದೂ ನೂಲಿನಲ್ಲಲ್ಲ, ಕಂಡವರ ಆತ್ಮದಲ್ಲಿ. ಸ್ಮೃತಿ ಹುಟ್ಟುವುದು ಅದರಿಂದ.

ಹಾಗಾದರೆ ನಕಲಿ ಅಂಗಿಯೂ ಅದೇ ಸ್ಮೃತಿಯನ್ನು ಎಬ್ಬಿಸಿದರೆ ಸಾಕಲ್ಲವೇ? ಸಾಲದು. 1986ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ತೊಟ್ಟ ಅಂಗಿ 2022ರಲ್ಲಿ ಸುಮಾರು 71 ಲಕ್ಷ ಪೌಂಡಿಗೆ ಹರಾಜಾಯಿತು. ಆತ ಎರಡು ಗೋಲು ಹೊಡೆದದ್ದು ಎರಡನೇ ಅವಧಿಯಲ್ಲಿ. ಇದು ಮೊದಲ ಅವಧಿಯ ಅಂಗಿ ಎಂದು ಮನೆಯವರು ತಕರಾರು ತೆಗೆದರು. ಹರಾಜು ಸಂಸ್ಥೆ ಪಂದ್ಯದ ಚಿತ್ರಗಳೊಂದಿಗೆ ಅಂಗಿಯನ್ನು ತಾಳೆ ನೋಡಬೇಕಾಯಿತು. ನ್ಯಾಯ-ವೈಶೇಷಿಕ ಪರಂಪರೆಯದೇ ಆದ ಅನ್ನಂಭಟ್ಟನ ತರ್ಕಸಂಗ್ರಹ ಸ್ಮೃತಿಯನ್ನು ಯಥಾರ್ಥ, ಅಯಥಾರ್ಥ ಎಂದು ಎರಡಾಗಿ ಒಡೆಯುತ್ತದೆ. ಸಂಗ್ರಾಹಕ ಹುಡುಕುವುದು ಯಥಾರ್ಥವನ್ನು. ಬೆಲೆ ನೂಲಿನಲ್ಲೂ ಇಲ್ಲ, ಬರಿಯ ಮನಸ್ಸಿನಲ್ಲೂ ಇಲ್ಲ. ನಿಜವಾಗಿ ನಡೆದು ಹೋದ ಒಂದು ಘಟನೆಗೆ ಆ ಬಟ್ಟೆ ಸಾಕ್ಷಿಯಾಗಿರುವುದರಲ್ಲಿದೆ. ಸಾಕ್ಷಿ ಸುಳ್ಳಾದರೆ ಭಕ್ತಿಯೂ ನಿಲ್ಲದು.

ಗುಳೇದಗುಡ್ಡ, ಬಾದಾಮಿಯ ಸೀಮೆಯ ಕೌದಿಗೆ ಅಂಥ ತಾಳೆ ಬೇಕಿಲ್ಲ. ಹಳೆಯ ಇಳಕಲ್ ಸೀರೆಗಳನ್ನೂ ಖಣದ ತುಂಡುಗಳನ್ನೂ ಪದರಪದರವಾಗಿ ಹಾಸಿ ಹೊಲಿಯುವ ಮನೆಯ ಹೆಣ್ಣುಮಕ್ಕಳಿಗೆ ಯಾವ ತುಂಡು ಅವ್ವನದು, ಯಾವುದು ಅಜ್ಜಿಯದು ಎಂಬುದು ಗೊತ್ತಿರುತ್ತದೆ. ಸಂಗ್ರಾಹಕನ ಅಂಗಿ ಗಾಜಿನ ಹಿಂದೆ ಉಳಿದರೆ, ಕೌದಿಯ ಮೇಲೆ ಕೂಸು ಮಲಗುತ್ತದೆ. ಅದು ಸವೆದಲ್ಲಿ ಇನ್ನೊಬ್ಬರ ಸೀರೆಯ ತೇಪೆ ಬೀಳುತ್ತದೆ.