ಹುಣ್ಣಿಮೆ ಯಾರದು?

ಕಳೆದ ಭಾನುವಾರ ಅಧ್ಯಯನ ಮುಗಿಸಿ ಚಾಪೆ ಸುತ್ತುವ ಹೊತ್ತಿಗೆ ಜಗಳೂರು ಕಡೆಯಿಂದ ಬಂದಿದ್ದ ಉಪಾಸಿಕೆಯೊಬ್ಬರು ಮೊಬೈಲ್ ತೋರಿಸಿದರು. ಒಂದೇ ವಾರದಲ್ಲಿ ಅವರಿಗೆ ಎರಡು ಮೆಸೇಜ್ ಬಂದಿದ್ದವು. ದೀಪಾವಳಿ ಅಸಲಿಗೆ ಬೌದ್ಧರ ಹಬ್ಬ, ಅಶೋಕನ ಕಾಲದ್ದು, ಹೆಮ್ಮೆಯಿಂದ ಆಚರಿಸಿ ಎಂದು ಒಂದು. ದೀಪಾವಳಿ ನಮ್ಮ ಬಲಿರಾಜನನ್ನು ತುಳಿದ ದಿನ, ದೀಪ ಹಚ್ಚಿದವನು ದ್ರೋಹಿ ಎಂದು ಇನ್ನೊಂದು. "ಸರ್, ನಾನೀಗ ದೀಪ ಹಚ್ಚಲೋ, ಆರಿಸಲೋ?" ಅಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಮನೆಯಲ್ಲಿ ಅತ್ತೆ ಒಂದು ಕಡೆ, ಓದಿದ ಮಗ ಇನ್ನೊಂದು ಕಡೆ. ನಡುವೆ ಇವರು.

ಮನೆಗೆ ಬಂದು ಯೋಚಿಸಿದೆ. ಎರಡೂ ಮೆಸೇಜು ಜಗಳ ಆಡಿದರೂ ಕೇಳುವ ಪ್ರಶ್ನೆ ಒಂದೇ: ಈ ಹಬ್ಬ ಯಾರಿಗೆ ಹುಟ್ಟಿದ್ದು?

ನಾವು ಸೇರುವ ದಿನವನ್ನೇ ನೋಡಿ. ಭಾನು ಎಂದರೆ ಸೂರ್ಯ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲಿ ಸೂರ್ಯನ ದಿನ ಬಿಡುವಿನ ದಿನ ಎಂದು ಆಜ್ಞೆ ಹೊರಡಿಸಿದ. ಕ್ರೈಸ್ತರಿಗೆ ಅದು ಏಸು ಮತ್ತೆ ಎದ್ದು ಬಂದ ದಿನ. ಬ್ರಿಟಿಷರ ಜೊತೆ ಆ ರಜೆ ಇಲ್ಲಿಗೆ ಬಂತು. ಆದರೆ ಸಾಹೇಬರಿಗಿದ್ದ ರಜೆ ಗಿರಣಿ ಕೂಲಿಗಳಿಗೆ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದರು. 1890ರಲ್ಲಿ ಬಾಂಬೆಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿತು. ಸೂರ್ಯಪೂಜೆಯ ದಿನ ಹೀಗೆ ದುಡಿಯುವವರ ದಿನವಾಯಿತು. ಅಂದು ಚಾಪೆ ಹಾಸಿ ಧಮ್ಮ ಓದುವ ನಾವು ಸೂರ್ಯನ ಭಕ್ತರೇನೂ ಅಲ್ಲ.

ಸರಿ, ಭಾನುವಾರ ಹೊರಗಿನದು. ಹುಣ್ಣಿಮೆಯ ಉಪೋಸಥ ನಮ್ಮದೇ ಅಲ್ಲವೇ? ವಿನಯ ಪಿಟಕದ ಮಹಾವಗ್ಗ ಬೇರೆ ಮಾತು ಹೇಳುತ್ತದೆ. ಬುದ್ಧರ ಕಾಲದಲ್ಲಿ ಬೇರೆ ಪಂಥಗಳ ಪರಿವ್ರಾಜಕರು ಪಕ್ಷದ ಎಂಟನೆಯ, ಹದಿನಾಲ್ಕನೆಯ, ಹದಿನೈದನೆಯ ದಿನ ಸೇರಿ ಉಪದೇಶ ಮಾಡುತ್ತಿದ್ದರು. ಜನ ಕೇಳಲು ಹೋಗುತ್ತಿದ್ದರು. ಇದನ್ನು ಕಂಡ ಬಿಂಬಿಸಾರ ರಾಜ, ನಮ್ಮ ಭಿಕ್ಖುಗಳೂ ಆ ದಿನ ಸೇರಬಾರದೇ ಎಂದು ಕೇಳಿದ. ಬುದ್ಧರು ಒಪ್ಪಿದರು. ಮಳೆಗಾಲದ ವರ್ಷಾವಾಸವೂ ಹಾಗೆಯೇ. ಬೇರೆ ಪಂಥದವರು ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ, ಶಾಕ್ಯಪುತ್ರರು ಮಾತ್ರ ಹಸಿರು ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿದು ತಿರುಗುತ್ತಾರೆ ಎಂದು ಜನ ದೂರಿದರು. ಬುದ್ಧರು ದೂರಿನಲ್ಲಿದ್ದ ಸತ್ಯ ನೋಡಿದರು. ಯಾರ ಪದ್ಧತಿ ಎಂದು ನೋಡಲಿಲ್ಲ.

ಚುಲ್ಲವಗ್ಗದಲ್ಲಿ ಇನ್ನೂ ಸಣ್ಣ ಪ್ರಸಂಗವಿದೆ. ನಮ್ಮಲ್ಲಿ ಮಗು ಸೀನಿದರೆ ಅಜ್ಜಿ "ನೂರು ವರ್ಷ ಬಾಳು" ಅನ್ನುತ್ತಾಳಲ್ಲ, ಅದೇ. ಬುದ್ಧರು ಧಮ್ಮ ಹೇಳುತ್ತಿರುವಾಗ ಸೀನಿದರು. ಬಾಳಿರಿ ಬಾಳಿರಿ ಎಂದು ಭಿಕ್ಖುಗಳು ಗದ್ದಲ ಮಾಡಿದರು. ಹಾಗೆ ಹೇಳಿದ್ದರಿಂದ ಆಯುಷ್ಯ ಹೆಚ್ಚುತ್ತದೆಯೇ ಎಂದು ಬುದ್ಧರು ಕೇಳಿದರು. ಇಲ್ಲ ಎಂದರು. ಹಾಗಾದರೆ ಹೇಳಬೇಡಿ ಎಂದರು. ಮುಂದೆ ಊರಿನವರು ಸೀನಿದ ಭಿಕ್ಖುಗಳಿಗೆ ಹರಸಿದಾಗ ಇವರು ಸುಮ್ಮನಿದ್ದರು. ಜನ ನೊಂದುಕೊಂಡರು. ಸುದ್ದಿ ತಿಳಿದು ಬುದ್ಧರು, ಗೃಹಸ್ಥರಿಗೆ ಶುಭ ಬೇಕು, ಅವರು ಹರಸಿದರೆ ನೀವೂ ಹರಸಿ ಎಂದು ಅನುಮತಿ ಕೊಟ್ಟರು. ಸುಳ್ಳು ನಂಬಿಕೆಗೆ ಅವರು ಸೊಪ್ಪು ಹಾಕಲಿಲ್ಲ. ಪ್ರೀತಿಯಿಂದ ಆಡಿದ ಮಾತನ್ನು ತಳ್ಳಲೂ ಇಲ್ಲ.

ಇಲ್ಲಿ ಒಂದು ಅಪಾಯವಿದೆ. ಅರ್ಥ ಬದಲಿಸಿಕೊಂಡರೆ ಸಾಕು, ಗಣಪತಿಯನ್ನೂ ಕೂರಿಸಬಹುದಲ್ಲ ಎಂದು ಯಾರಾದರೂ ಹಿಂಬಾಗಿಲು ತೆರೆಯಬಹುದು. ತೆರೆಯಲಾಗದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ನಾವು ನಮ್ಮ ಬಾಯಿಂದಲೇ ಹೇಳಿದ್ದೇವೆ. ಆಡಿದ ಮಾತಿಗೆ ವ್ಯಾಖ್ಯಾನ ಹುಡುಕುವುದು ಸುಳ್ಳಿನ ಹತ್ತಿರದ ನೆಂಟ.

ಮಾರಿಹಬ್ಬವನ್ನೂ ಹುಣ್ಣಿಮೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರಿಯನ್ನು ಮೋಸದಿಂದ ಮದುವೆಯಾದವನು ನಮ್ಮ ಕೇರಿಯವನಂತೆ, ಕಡಿಯುವ ಕೋಣ ಅವನೇ ಅಂತೆ. ಆ ಕಥೆಯ ಹಬ್ಬದಲ್ಲಿ ತಮಟೆ ಬಡಿದವರು ನಾವು, ಕೋಣ ಎಳೆದವರು ನಾವು, ಗುಡಿಯ ಹೊರಗೆ ನಿಂತವರೂ ನಾವು. ಹುಣ್ಣಿಮೆಯೂ ಅಷ್ಟೇ. ಉಪೋಸಥ ಹಿಡಿಯುವ ಹುಣ್ಣಿಮೆಯಂತೆಯೇ ಒಂದು ಭರತ ಹುಣ್ಣಿಮೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಅದನ್ನು ತಡೆಯಲು 1982ರಲ್ಲಿ ಕಾನೂನು ತರಬೇಕಾಯಿತು. ಚಂದ್ರ ಒಬ್ಬನೇ. ಅವನ ಬೆಳಕಿನಲ್ಲಿ ಮನುಷ್ಯರು ಮಾಡಿದ್ದು ಬೇರೆ ಬೇರೆ.

ಅಶೋಕನ ಒಂಬತ್ತನೆಯ ಬಂಡೆ ಶಾಸನ ಈ ವಿಷಯವನ್ನೇ ಮಾತಾಡುತ್ತದೆ. ಆಂಧ್ರದ ಎರ್ರಗುಡಿಯಲ್ಲೂ ಅದಿದೆ. ಕಾಯಿಲೆ, ಮದುವೆ, ಹೆರಿಗೆ, ಪಯಣ ಎಂದು ಜನ ನೂರಾರು ಮಂಗಳಕಾರ್ಯ ಮಾಡುತ್ತಾರೆ, ಫಲ ಸ್ವಲ್ಪ. ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಗುರುಗಳಿಗೆ ಗೌರವ, ಜೀವಗಳ ಬಗ್ಗೆ ಸಂಯಮ, ದಾನ, ಇವೇ ಧಮ್ಮ ಮಂಗಳ ಎನ್ನುವುದು ಅದರ ಸಾರ. ಜಗಳೂರಿನಿಂದ ದೂರವಿಲ್ಲದ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ಶಾಸನವೂ ತಂದೆತಾಯಿಯ ಮಾತು ಕೇಳಿ, ಸತ್ಯ ಹೇಳಿ ಎನ್ನುತ್ತದೆ. ಅಶೋಕನ ಯಾವ ಶಾಸನದಲ್ಲೂ ದೀಪಾವಳಿಯ ಮಾತಿಲ್ಲ. ಗೊತ್ತಿಲ್ಲದ್ದನ್ನು ಹೆಮ್ಮೆಗೋಸ್ಕರ ಫಾರ್ವರ್ಡ್ ಮಾಡಿದರೆ ನಾಲ್ಕನೆಯ ಶೀಲ ಮುರಿದಂತೆಯೇ.

ಅದಕ್ಕಿಂತ ದೊಡ್ಡ ಮಾತು ಇದು. ಹುಟ್ಟಿನಿಂದ ಯಾರೂ ಕೀಳಲ್ಲ, ಮಾಡುವ ಕರ್ಮದಿಂದ ಎಂದು ವಸಲ ಸುತ್ತದಲ್ಲಿ ಬುದ್ಧರು ಹೇಳಿದರು. ಆ ಮಾತು ಹಿಡಿದು ನಾವು ಬದುಕಿಕೊಂಡೆವು. ಮನುಷ್ಯನ ಹುಟ್ಟು ಕೇಳಬೇಡಿ ಎನ್ನುವವರು ರೂಢಿಯ ಹುಟ್ಟನ್ನೇ ಹಿಡಿದು ಜಗ್ಗಾಡುವುದು ಎಂಥ ನ್ಯಾಯ? ಕೇಳಬೇಕಾದ್ದು ಬೇರೆ. ಇದರಲ್ಲಿ ಯಾರಾದರೂ ಕೆಳಗೆ ನಿಲ್ಲಬೇಕೇ? ಯಾವ ಜೀವವಾದರೂ ಸಾಯಬೇಕೇ? ದೇವರಿಗೆ ಲಂಚ ಕೊಡಬೇಕೇ? ನಾನು ಕೊಟ್ಟ ಮಾತು ಮುರಿಯುತ್ತದೆಯೇ? ಒಂದಕ್ಕೆ ಹೌದು ಎಂದರೂ ಬಿಡಿ, ಅದು ಬುದ್ಧರ ಕಾಲದ್ದೇ ಆಗಿರಲಿ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ತಪ್ಪು ಹೇಳಬೇಕು.

ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇದ್ದ ಕಾಲ. ಆಶ್ವಯುಜ ಹುಣ್ಣಿಮೆ, ನಮ್ಮ ಸೀಮೆಯ ಭೂಮಿ ಹುಣ್ಣಿಮೆ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಎಂದು ರೈತರು ನಸುಕಿನಲ್ಲಿ ಗದ್ದೆಗೆ ಚರಗ ಚೆಲ್ಲುತ್ತಾರೆ. ಅವ್ವ ಗೌಡರ ಮನೆಯ ಬುಟ್ಟಿಯನ್ನು ಬದುವಿನ ತನಕ ಹೊತ್ತು ತಂದು ದೂರ ನಿಲ್ಲುತ್ತಿದ್ದಳು. ಮುಂದೆ ದರಖಾಸ್ತಿನಲ್ಲಿ ನಮಗೂ ಒಂದೂವರೆ ಎಕರೆ ಸಿಕ್ಕಿತು. ಅವ್ವ ಪ್ರತಿ ವರ್ಷ ಅನ್ನ, ಬೆರಕೆ ಸೊಪ್ಪಿನ ಪಲ್ಯ ಕಲಸಿ ಹೊಲದ ತುಂಬ ಚೆಲ್ಲಿ ಬರುತ್ತಿದ್ದಳು. ಮನೆಮಂದಿಯೆಲ್ಲ ದೀಕ್ಷೆ ತೆಗೆದುಕೊಂಡ ವರ್ಷ ನಾಲ್ಕು ಜನರೆದುರು ಹೇಳಿದೆ: "ಅವ್ವಾ, ಇದು ಮೌಢ್ಯ. ಬಾಬಾಸಾಹೇಬರಿಗೆ ದ್ರೋಹ." ಅವ್ವ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದಳು. ಮತ್ತೆ ಇಳಿಸಲಿಲ್ಲ.

ಅದೇ ಹುಣ್ಣಿಮೆಯಂದು ವರ್ಷಾವಾಸ ಮುಗಿಯುತ್ತದೆ, ಪವಾರಣೆ ನಡೆಯುತ್ತದೆ ಎಂದು ನನಗೆ ತಿಳಿದದ್ದು ತಡವಾಗಿ. ಭಿಕ್ಖುಗಳು ಒಬ್ಬರೆದುರು ಒಬ್ಬರು ಕುಳಿತು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ಹೇಳಿ ಎಂದು ಬೇಡಿಕೊಳ್ಳುವ ದಿನ ಅದು. ಈ ಸಲ ನಾನು ಅವ್ವನ ಎದುರು ಕುಳಿತೆ. "ಅವ್ವಾ, ಚರಗ ಯಾರಿಗೆ ಅಂತ ಚೆಲ್ತಿದ್ದೆ?"

"ಯಾರಿಗಂದ್ರೆ? ಇಲಿಗೆ, ಗುಬ್ಬಿಗೆ. ಅವೂ ಉಣ್ಬೇಕಲ್ಲ. ಗೌಡ್ರ ಗದ್ದಿಯಾಗ ಬದುವಿನ ಮ್ಯಾಲೆ ನಿಂತು ನೋಡ್ತಿದ್ದೆ. ನಮ್ದೇ ಹೊಲದಾಗ ನನ್ ಕೈಯಾರೆ ಚೆಲ್ಲಾಕ ಸಿಕ್ತಲ್ಲ ಅಂತ ಚೆಲ್ತಿದ್ದೆ. ನೀ ಕೇಳ್ಲೇ ಇಲ್ಲ."

ಕೇಳಿರಲಿಲ್ಲ. ಸಕಲ ಜೀವಿಗಳಿಗೆ ದಯೆ ತೋರುತ್ತೇನೆ ಎಂಬುದೂ 22ರಲ್ಲಿ ಒಂದು ಪ್ರತಿಜ್ಞೆ. ಅವ್ವ ಅದನ್ನು ಪಾಲಿಸುತ್ತಿದ್ದಳು, ನಾನು ತಡೆದಿದ್ದೆ. ತಪ್ಪಾಯ್ತು ಅಂದೆ. "ಬಿಡು ಮೇಷ್ಟ್ರೇ" ಎಂದು ನಕ್ಕಳು. ಬುಟ್ಟಿ ಇನ್ನೂ ಅಟ್ಟದ ಮೇಲೇ ಇದೆ. ಇಳಿಸುವುದು ಬಿಡುವುದು ಅವಳಿಗೆ ಸೇರಿದ್ದು.

ಜಗಳೂರಿನ ತಂಗಿಗೆ ನನ್ನ ಉತ್ತರ ಇಷ್ಟು. ಲಕ್ಷ್ಮಿಗೆ ಎಂದು ದೀಪ ಹಚ್ಚಬೇಡಿ, ಅದು ಕೊಟ್ಟ ಮಾತು. ಕತ್ತಲಾಯಿತೆಂದು ಬಾಗಿಲಿಗೆ ದೀಪ ಇಟ್ಟರೆ ಯಾವ ಮೆಸೇಜಿಗೂ ಹೆದರಬೇಡಿ. ಅತ್ತೆ ಹಚ್ಚಿದರೆ ಆರಿಸುವ ಮೊದಲು ಪಕ್ಕದಲ್ಲಿ ಕುಳಿತು ಯಾಕೆಂದು ಕೇಳಿ.

ಇಂದು ನಾವೆಲ್ಲ ಮಾಡಬಹುದಾದ ಒಂದು ಕೆಲಸ: ಮನೆಯ ಹಿರಿಯರು ಬಿಟ್ಟ ಅಥವಾ ಬಿಡದ ಒಂದು ರೂಢಿಯ ಬಗ್ಗೆ ಅವರನ್ನೇ ಕೇಳೋಣ. ಉತ್ತರ ಮುಗಿಯುವ ತನಕ ಸುಮ್ಮನಿರೋಣ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.